ಇನ್ನೂರೆಂಟನೆಯ ಪುಟದ ಮುಂದೆ

ನನ್ನ ಹೆಸರು ವಿನೋದಿನಿ. ಹೆಸರಿಟ್ಟವರು ನನ್ನ ಸ್ವಭಾವ ತಿಳಿಯುವ ಮೊದಲೇ ಇಟ್ಟುಬಿಟ್ಟರು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಾಟುಂಗದ ಕನ್ನಡದವರೆಲ್ಲ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಅದು ಕಿವಿಗೆ ಬಿದ್ದಾಗ ನನಗೆ ಇನ್ನಷ್ಟು ಕೋಪ ಬರುತ್ತದೆ. ವಾರವಿಡೀ ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ, ಭಾನುವಾರ ನಮ್ಮ ಕನ್ನಡ ಸಂಘದ ವಾಚನಾಲಯದ ಕೆಲಸ. ಸಂಘದ ಕೆಲಸಕ್ಕೆ ಸಂಬಳವಿಲ್ಲ, ನಿಯಮ ಮಾಡುವ ಅಧಿಕಾರವಿದೆ. ನನಗೆ ಅಷ್ಟು ಸಾಕು.

ವಾಚನಾಲಯ ಇರುವುದು ಒಂದು ಉಡುಪಿ ಹೋಟೆಲಿನ ಮಾಳಿಗೆಯಲ್ಲಿ. ನಾಲ್ಕು ಕಪಾಟು, ಎರಡು ಬೆಂಚು, ಒಂದು ಮೇಜು. ಕೆಳಗಿನ ಅಡುಗೆಮನೆಯ ಹೊಗೆ ನೇರವಾಗಿ ಮೇಲಕ್ಕೇ ಬರುವುದರಿಂದ ನಮ್ಮಲ್ಲಿ ಎಂಥ ಗಂಭೀರ ಗ್ರಂಥ ತೆರೆದರೂ ಸಾಂಬಾರಿನ ವಾಸನೆ ಬರುತ್ತದೆ. ಪುಟದ ಮೂಲೆ ಮಡಚಬಾರದು, ಕೈ ತೊಳೆದು ತೋರಿಸದೆ ಪುಸ್ತಕ ಮುಟ್ಟಬಾರದು, ಹೊಸ ಪುಸ್ತಕ ಬಂದರೆ ಮೊದಲು ಸದಸ್ಯರು ಓದಬೇಕು, ವಾಚನಾಲಯದವಳು ಕೊನೆಗೆ ಓದಬೇಕು. ಈ ಕೊನೆಯ ನಿಯಮವನ್ನು ನನಗೆ ನಾನೇ ಹಾಕಿಕೊಂಡದ್ದು. ಅದರ ಫಲ ಮುಂದೆ ಉಂಡೆ.

ಪ್ರತಿ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಓದುಗರು ಕೂಡುತ್ತಿದ್ದರು. ಆ ಹೊತ್ತಿಗೆ ಹೋಟೆಲುಗಳಲ್ಲಿ ಊಟ ಮುಗಿದು ಸಂಜೆಯ ತಿಂಡಿ ಶುರುವಾಗಿರುವುದಿಲ್ಲ. ಒಬ್ಬೊಬ್ಬರೇ ಎದ್ದು ತಾವು ಓದಿದ ಪುಸ್ತಕದಲ್ಲಿ ಮೆಚ್ಚಿದ್ದನ್ನು ಹೇಳಬೇಕು. ಮೆಚ್ಚಿದ್ದನ್ನು ಮಾತ್ರ. ಬೈಯಬೇಕೆಂದಿದ್ದರೆ ಮನೆಯಲ್ಲಿ ಬೇಕಾದಷ್ಟು ಜನರಿದ್ದಾರೆ, ಅಲ್ಲೇ ಬೈದುಕೊಳ್ಳಿ ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ. ಮುನ್ಸಿಪಲ್ ಶಾಲೆಯ ಟೀಚರ್ ಶೀಲಾವತಿ ಪ್ರವಾಸದ ಪುಸ್ತಕಗಳನ್ನು ಮಾತ್ರ ಓದುವವಳು. ಕಲ್ಯಾಣ ದಾಟಿದವಳಲ್ಲ, ಆದರೆ ಹಿಮಾಲಯದ ಯಾವ ಕಣಿವೆಯಲ್ಲಿ ಯಾವ ಧರ್ಮಶಾಲೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದಳು. ದಹಿಸರ್‌ನ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಐತನಿಗೆ ಪತ್ತೇದಾರಿ ಕಾದಂಬರಿಗಳೆಂದರೆ ಪ್ರಾಣ. ಅವನು ಎಷ್ಟು ಮೈಮರೆತು ಹೊಗಳುತ್ತಿದ್ದನೆಂದರೆ, ಕೊಲೆ ಮಾಡಿದವನು ಯಾರೆಂದು ಎರಡನೆಯ ವಾಕ್ಯದಲ್ಲೇ ಬಾಯಿಬಿಡುತ್ತಿದ್ದ, ಆಮೇಲೆ ಆ ಪುಸ್ತಕವನ್ನು ಯಾರೂ ಒಯ್ಯುತ್ತಿರಲಿಲ್ಲ. ಅವನ ದೆಸೆಯಿಂದ ಇನ್ನೊಂದು ನಿಯಮ ಬಂತು. ಯಾರೂ ಯಾವ ಪುಸ್ತಕದ ಕೊನೆಯನ್ನೂ ಹೇಳಕೂಡದು.

ಈ ನಿಯಮಕ್ಕೆ ಒಂದೇ ಒಂದು ಪುಸ್ತಕ ಹೊರತಾಗಿತ್ತು. ಅದರ ಕೊನೆಯನ್ನು ಹೇಳಲೇಬೇಕು, ಹೇಳಬೇಕಾದವಳು ಭಾಗವ್ವ. ಅದೂ ನಾನೇ ಹಾಕಿದ ಶಿಕ್ಷೆ.

ಭಾಗವ್ವ ಸಿಂದಗಿ ಕಡೆಯವಳು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಗಂಡ ಸಂಗಪ್ಪ ಭಾಂಡುಪ್‌ನ ಕಾರ್ಖಾನೆಯಲ್ಲಿ ಹಮಾಲಿ, ಅವಳು ಚಾಳಿನ ಹತ್ತಿರದ ಶೆಡ್ಡಿನಲ್ಲಿ ಬಲ್ಬಿನ ಪೆಟ್ಟಿಗೆ ಅಂಟಿಸುತ್ತಿದ್ದಳು. ಒಂದು ಸಲ ಮಾಟುಂಗಕ್ಕೆ ಹೂವು ಕೊಳ್ಳಲು ಬಂದವಳು ನಮ್ಮ ಬೋರ್ಡು ನೋಡಿ ಮೆಟ್ಟಿಲು ಹತ್ತಿದಳು. ಮುಂಬಯಿಗೆ ಬಂದ ಏಳು ವರ್ಷಗಳಲ್ಲಿ ಕನ್ನಡ ಅಕ್ಷರವನ್ನು ಅಷ್ಟು ದೊಡ್ಡದಾಗಿ ನೋಡಿದ್ದು ಅದೇ ಮೊದಲಂತೆ. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು. ಒಂದು ಪುಸ್ತಕಕ್ಕೆ ಒಂದು ತಿಂಗಳು. ಆದರೆ ಅವಳು ಓದಿದ ಪುಸ್ತಕದಲ್ಲಿ ಅವಳಿಗೆ ಗೊತ್ತಾಗದ ಮನುಷ್ಯರು ಯಾರೂ ಇರುತ್ತಿರಲಿಲ್ಲ. ಅವರ ಬಗ್ಗೆ ಪಕ್ಕದ ಖೋಲಿಯವರ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದಳು.

ಅರವತ್ತೆಂಟರ ಆಗಸ್ಟಿನಲ್ಲಿ ಬಂದ ಪಾರ್ಸಲಿನಲ್ಲಿ ‘ಕೈಹೊಲಿಗೆ’ ಎಂಬ ಕಾದಂಬರಿ ಇತ್ತು. ಬರೆದವರು ಕಸ್ತೂರಿಬಾಯಿ ಹೊಸಮಠ. ಹೆಸರು ನಾನು ಕೇಳಿರಲಿಲ್ಲ. ಗದಗಿನ ಯಾವುದೋ ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾದದ್ದು, ಕಾಗದ ಒರಟು, ಹೊಲಿಗೆ ಸಡಿಲ. ಭಾಗವ್ವ ಮೊದಲ ಸಾಲಿನ ಮೇಲೆ ಬೆರಳಾಡಿಸಿ ನಕ್ಕುಬಿಟ್ಟಳು. ಇದು ನಮ್ಮ ಮಾತಿನಾಗ ಐತ್ರಿ ಎಂದು ಎದೆಗೊತ್ತಿಕೊಂಡು ಒಯ್ದಳು.

ಒಂದು ತಿಂಗಳ ಮೇಲೆ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿಕೊಂಡು ತಂದು ಮೇಜಿನ ಮೇಲಿಟ್ಟು, ಕೈಕಟ್ಟಿ ನಿಂತಳು. ಬಿಚ್ಚಿ ನೋಡಿದರೆ ಇನ್ನೂರೆಂಟನೆಯ ಪುಟದ ಮುಂದೆ ಏನೂ ಇಲ್ಲ. ಹೊಲಿಗೆ ಬಿಟ್ಟು ಕೊನೆಯ ಹದಿನಾರು ಪುಟ ಕಿತ್ತು ಬಂದಿದ್ದವಂತೆ, ಅವನ್ನು ಹಾಗೇ ಒಳಗೆ ಸಿಕ್ಕಿಸಿ ಗೋಡೆಯ ಮಾಡದಲ್ಲಿಟ್ಟು ನಳಕ್ಕೆ ನೀರಿಗೆ ಹೋಗಿದ್ದಾಳೆ. ಅಕ್ಷರ ಬಾರದ ಅತ್ತೆ ಚಂದ್ರವ್ವ ಬಿಡಿ ಹಾಳೆ ಕಂಡು ರದ್ದಿ ಎಂದುಕೊಂಡು ಅವುಗಳಿಂದ ಸಿಗಡಿ ಒಲೆ ಹೊತ್ತಿಸಿದ್ದಾಳೆ. ಕೊನೆಗೆ ಓದಬೇಕೆಂಬ ನಿಯಮದಿಂದ ನಾನಿನ್ನೂ ಅದನ್ನು ಓದಿರಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಪುಸ್ತಕ ಇಡಲು ಜಾಗವಿಲ್ಲದವರು ಪುಸ್ತಕ ಯಾಕೆ ಒಯ್ಯಬೇಕು ಎಂದೂ ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕೊನೆಗೆ ಉಸಿರು ತೆಗೆದುಕೊಂಡು, ನೀನಾದರೂ ಓದಿ ಮುಗಿಸಿದ್ದೀಯಾ ಎಂದು ಕೇಳಿದೆ. ಅವಳು ತಲೆ ತಗ್ಗಿಸಿಕೊಂಡೇ ಹೂಂ ಅಂದಳು. ಹಾಗಾದರೆ ಇನ್ನು ಮುಂದೆ ಈ ಪುಸ್ತಕ ಯಾರು ಒಯ್ದರೂ ಅವರಿಗೆ ಕೊನೆಯ ಹದಿನಾರು ಪುಟವನ್ನು ನೀನೇ ಬಂದು ಹೇಳಬೇಕು, ಅದೇ ನಿನಗೆ ದಂಡ ಎಂದೆ. ಆ ಕ್ಷಣಕ್ಕೆ ನನ್ನ ಜಾಣತನದ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಮೊದಲು ಕೇಳಿದವಳು ಶೀಲಾವತಿ. ಇನ್ನೂರೆಂಟನೆಯ ಪುಟ ಎಲ್ಲಿಗೆ ನಿಲ್ಲುತ್ತದೆಂದರೆ, ಗಂಡ ಎರಡನೆಯವಳನ್ನು ಕಟ್ಟಿಕೊಂಡು ಮನೆಯಿಂದ ಹೊರಗೆ ಹಾಕಿದ ಹಾಲವ್ವ, ಹದಿನೆಂಟು ವರ್ಷ ಕೈಹೊಲಿಗೆ ಹಾಕಿ ಬದುಕಿದ ಹಾಲವ್ವ, ಒಂದು ಮಧ್ಯಾಹ್ನ ಕುಬಸಕ್ಕೆ ಗುಂಡಿ ಹಚ್ಚುತ್ತ ಕೂತಿದ್ದಾಗ ಹೊಸ್ತಿಲಾಚೆ ಎರಡು ಕಾಲು ಕಾಣುತ್ತವೆ. ಮುದುಕನಾದ ಗಂಡ ಬಂದು ನಿಂತಿದ್ದಾನೆ. ಅಲ್ಲಿಗೆ ಪುಟ ಮುಗಿಯುತ್ತದೆ.

ಭಾಗವ್ವ ಬೆಂಚಿನ ತುದಿಯಲ್ಲಿ ಕೂತು ಮೆಲ್ಲಗೆ ಹೇಳಿದಳು. ನಾನು ಕಾರ್ಡುಗಳಿಗೆ ಸಿಕ್ಕಾ ಹೊಡೆಯುವ ನೆಪದಲ್ಲಿ ಕೇಳಿಸಿಕೊಂಡೆ. ಹಾಲವ್ವ ಸೂಜಿ ಕೆಳಗಿಡಲಿಲ್ಲ. ಗುಂಡಿ ಪೂರ್ತಿ ಹಚ್ಚಿದಳು, ದಾರ ಕಡಿದಳು, ಆಮೇಲೆ ಎದ್ದು ತಂಬಿಗೆಯಲ್ಲಿ ನೀರು ಕೊಟ್ಟಳು. ಅವನನ್ನು ಕಟ್ಟೆಯ ಮೇಲೆ ಕೂರಿಸಿ ತನಗೆಂದು ಮಾಡಿಟ್ಟ ರೊಟ್ಟಿ ತಿನ್ನಿಸಿದಳು. ಅವನ ಅಂಗಿ ಹೆಗಲ ಹತ್ತಿರ ಹರಿದಿತ್ತು. ಅದನ್ನು ಅವನ ಮೈಮೇಲಿದ್ದ ಹಾಗೆಯೇ, ಚರ್ಮಕ್ಕೆ ಸೂಜಿ ತಾಗದ ಹಾಗೆ, ಹೊಲಿದುಕೊಟ್ಟಳು. ಹೊಲಿದು ಮುಗಿಸಿ, ನನ್ನ ಕೈಲಾಗೂದು ಇಷ್ಟ, ಇನ್ನ ಹೋಗ್ರಿ ಎಂದಳು.

ಶೀಲಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಕಪಾಟಿನ ಹಿಂದೆ ಹೋಗಿ ಯಾವುದೋ ಪುಸ್ತಕ ಹುಡುಕುವವಳಂತೆ ನಿಂತು ಕಣ್ಣೊರೆಸಿಕೊಂಡೆ. ಹೀಗೆ ಬರೆಯಬಲ್ಲ ಹೆಂಗಸು ನಮ್ಮ ಭಾಷೆಯಲ್ಲಿ ಇದ್ದಾಳೆ, ನನಗೆ ಇದುವರೆಗೆ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡೆ.

ಆಮೇಲಿನ ಐದು ವರ್ಷ ನಮ್ಮಲ್ಲಿ ‘ಕೈಹೊಲಿಗೆ’ ಕಪಾಟಿನಲ್ಲಿ ನಿಂತದ್ದೇ ಇಲ್ಲ. ಓದುತ್ತ ಬಂದವರು ಇನ್ನೂರೆಂಟಕ್ಕೆ ಮುಟ್ಟಿದರೆ ಎರಡನೆಯ ಭಾನುವಾರಕ್ಕೆ ಕಾಯುತ್ತಿದ್ದರು. ಕೆಲವರು ಒಮ್ಮೆ ಕೇಳಿಯೂ ಮತ್ತೆ ಕೇಳಲು ಬರುತ್ತಿದ್ದರು. ಐತ ಮೂರು ಸಲ ಕೇಳಿದ. ಮೊದಲ ಸಲ ಕೇಳಿದಾಗ ಎರಡು ತಿಂಗಳು ಪತ್ತೇದಾರಿ ಮುಟ್ಟಲಿಲ್ಲ. ಹೇಳುವಾಗೆಲ್ಲ ಸಣ್ಣಪುಟ್ಟದ್ದು ಬದಲಾಗುತ್ತಿತ್ತು. ರೊಟ್ಟಿಗೆ ಒಮ್ಮೆ ಉಳ್ಳಾಗಡ್ಡಿ, ಒಮ್ಮೆ ಶೇಂಗಾ ಚಟ್ನಿ. ಅಚ್ಚಿನಲ್ಲಿ ಇರುವುದು ಒಂದೇ ತಾನೇ, ಸರಿಯಾಗಿ ಹೇಳು ಎಂದು ನಾನು ಗದರಿದರೆ ಭಾಗವ್ವ ಬೆದರಿ, ಮುಂದಿನ ಸಲ ಬರೀ ರೊಟ್ಟಿ ತಿನ್ನಿಸಿದಳು.

ಪೂರ್ತಿ ಪ್ರತಿಗಾಗಿ ನಾನು ಗದಗಿನ ಪ್ರೆಸ್ಸಿಗೆ ಎರಡು ಕಾರ್ಡು ಬರೆದಿದ್ದೆ. ಉತ್ತರವಿಲ್ಲ. ಎಪ್ಪತ್ತಮೂರರ ಡಿಸೆಂಬರಿನಲ್ಲಿ, ನಾನು ಆ ಆಸೆ ಬಿಟ್ಟು ಎಷ್ಟೋ ಕಾಲವಾದ ಮೇಲೆ, ಒಂದು ಇನ್‌ಲ್ಯಾಂಡ್ ಪತ್ರ ಬಂತು. ದೊಡ್ಡ ದೊಡ್ಡ ಅಕ್ಷರ, ಸಾಲು ಒಂದರ ಮೇಲೊಂದು ಹತ್ತಿಕೊಂಡಿತ್ತು. ಬರೆದವರು ಕಸ್ತೂರಿಬಾಯಿ ಹೊಸಮಠ. ಪ್ರೆಸ್ಸು ಮುಚ್ಚಿ ವರ್ಷಗಳಾದವು, ಅದರ ಮಾಲೀಕರ ಮಗ ಹಳೆಯ ಕಾಗದಗಳ ಜೊತೆ ನಿಮ್ಮ ಕಾರ್ಡು ತಂದುಕೊಟ್ಟ. ನೀವು ಕೇಳಿದ ಪುಸ್ತಕ ನನ್ನ ಬಳಿಯೂ ಒಂದು ಪ್ರತಿ ಉಳಿದಿಲ್ಲ. ಕಣ್ಣಿನ ಆಪರೇಶನ್ನಿಗೆಂದು ಜನವರಿಯಲ್ಲಿ ಮುಂಬಯಿಗೆ ಬರುತ್ತೇನೆ, ದಾದರ್‌ನಲ್ಲಿ ತಮ್ಮನ ಮಗನ ಮನೆಯಲ್ಲಿ ಇರುತ್ತೇನೆ. ಐದುನೂರು ಪ್ರತಿ ಅಚ್ಚಾಗಿತ್ತು, ಅದನ್ನು ಓದಿದೆ ಎಂದವರನ್ನು ನಾನು ಇದುವರೆಗೆ ಒಬ್ಬರನ್ನೂ ಕಂಡಿಲ್ಲ. ನಿಮ್ಮಲ್ಲಿ ಓದಿದವರು ಇದ್ದರೆ ಕಣ್ಣಿಗೆ ಪಟ್ಟಿ ಕಟ್ಟುವ ಮೊದಲು ಒಮ್ಮೆ ನೋಡಬೇಕು ಎಂದಿತ್ತು.

ನಾನು ಆ ಪತ್ರವನ್ನು ಓದುಗರ ಮುಂದೆ ಗಟ್ಟಿಯಾಗಿ ಓದಿದೆ. ಐತ ಅಲ್ಲೇ ನಿಂತು, ಅವತ್ತಿನ ತಿಂಡಿ ನನ್ನ ಕೈಯದ್ದು ಎಂದ. ಲೇಖಕಿಯ ಎದುರು ಭಾಗವ್ವನೇ ಕೊನೆಯನ್ನು ಹೇಳಬೇಕು, ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದೂ ಇಲ್ಲ ಎಂದು ಶೀಲಾವತಿ ಅಂದಳು. ಎಲ್ಲರೂ ಒಪ್ಪಿದರು. ಭಾಗವ್ವ ಮಾತ್ರ ಅವತ್ತು ಚಹಾ ಕುಡಿಯದೆ ಬೇಗ ಹೊರಟುಬಿಟ್ಟಳು. ಸಂಕೋಚ ಎಂದುಕೊಂಡೆ.

ಕೂಟದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅವಳು ನನ್ನ ಮನೆ ಹುಡುಕಿಕೊಂಡು ಬಂದಳು. ಒಳಗೆ ಕರೆದರೂ ಕೂರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತು ಹೇಳಿದಳು.

“ಬಾಯಾರ, ನಾ ಆ ಹದಿನಾರು ಪುಟ ಓದೇ ಇಲ್ರಿ. ಇನ್ನೂರೆಂಟಕ್ಕ ಬಂದಿದ್ದೆ. ನೀರು ತಂದು ಓದೂನಂತ ನಳಕ್ಕ ಹೋದೆ, ಬರೂದ್ರಾಗ ಸಿಗಡಿ ಹತ್ತಿತ್ತು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಸಿಟ್ಟು ನೆತ್ತಿಗೇರಿತು. ಐದು ವರ್ಷ ಇಷ್ಟು ಜನರಿಗೆ ಸುಳ್ಳು ಹೇಳಿದೆಯಲ್ಲ, ನಾನೂ ಅದಕ್ಕೆ ಅತ್ತಿದ್ದೆನಲ್ಲ, ಅವತ್ತೇ ಯಾಕೆ ಹೇಳಲಿಲ್ಲ ಎಂದು ಏರಿದ ದನಿಯಲ್ಲೇ ಕೇಳಿದೆ.

“ಹೇಳಿದ್ರ ನೀವು ಪುಸ್ತಕ ಕೊಡೂದು ಬಂದ್ ಮಾಡತಿದ್ರಿ. ನನಗ ಬ್ಯಾರೆ ಎಲ್ಲಿ ಸಿಗತಿದ್ವು?”

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಲೋಕಲ್ ರೈಲು ತಡವಾಯಿತು ಎನ್ನುವ ಹಾಗೆ ಹೇಳಿದಳು. ಅವಳು ಹೇಳಿದ್ದು ನಿಜ. ಅವತ್ತಿನ ನನ್ನ ಮುಖ ನೋಡಿದ ಯಾರೇ ಆಗಿದ್ದರೂ ಹೂಂ ಎಂದೇ ಅನ್ನುತ್ತಿದ್ದರು. ಐದು ವರ್ಷ ಪ್ರತಿ ತಿಂಗಳು ಹೆದರಿಕೊಂಡೇ ಲೋಕಲ್ ಹತ್ತಿ ಬರುತ್ತಿದ್ದಳಲ್ಲ ಈ ಹೆಂಗಸು, ಅದೂ ನನಗೆ ಹೆದರಿಕೊಂಡು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಓದದೆ ಅಂಥ ಕೊನೆಯನ್ನು ಹೇಗೆ ಹೇಳಿದೆ ಎಂದು ಕೇಳಿದೆ.

“ಇನ್ನೂರೆಂಟು ಪುಟ ಆಕಿ ಜೋಡಿನ ಇದ್ದೆನಲ್ರಿ. ಆಕಿ ಏನ್ ಮಾಡತಾಳಂತ ನನಗ ಗೊತ್ತಿತ್ತು.” ಆಮೇಲೆ ದನಿ ತಗ್ಗಿಸಿ ಅಂದಳು, “ಗೊತ್ತಿತ್ತಂತ ಅನಕೊಂಡಿದ್ದೆ. ಖರೇ ಏನಾತು ಅಂತ ಯಾರನ್ನ ಕೇಳಲಿ? ಎಲ್ಲಾರೂ ನನ್ನ ಕೇಳವ್ರ.”

ಅಲ್ಲಿಗೆ ನನಗೆ ಹೊಳೆಯಿತು. ಆ ಪುಸ್ತಕವನ್ನು ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿಸಿದವಳು ಇವಳು. ಹಾಲವ್ವನಿಗೆ ಕೊನೆಗೆ ಏನಾಯಿತೆಂದು ತಿಳಿಯಲು ತಹತಹಿಸುತ್ತಿದ್ದವಳೂ ಇವಳೇ. ನಮಗಾದರೋ ಅವಳ ಬಾಯಿಂದ ಕೊನೆ ಸಿಕ್ಕಿತ್ತು. ಅವಳಿಗೆ ಯಾರ ಬಾಯಿಂದಲೂ ಸಿಕ್ಕಿರಲಿಲ್ಲ, ಕೇಳುವ ದಾರಿಯನ್ನು ನಾನೇ ಮುಚ್ಚಿದ್ದೆ.

ನಾಳೆ ನೀನು ಬರಬೇಡ ಎಂದು ಹೇಳಿದೆ. ಜ್ವರ ಎಂದು ನಾನು ಹೇಳುತ್ತೇನೆ. ಕಸ್ತೂರಿಬಾಯಿಯವರನ್ನು ಒಬ್ಬರೇ ಇರುವಾಗ ಕೇಳಿ, ಕೊನೆ ಏನೆಂದು ತಿಳಿದು ನಿನಗೆ ಹೇಳುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ, ನಿನ್ನ ಪುಸ್ತಕವೂ ನಿಲ್ಲುವುದಿಲ್ಲ. ಅವಳು ತಲೆಯಾಡಿಸಿ ಹೋದಳು.

ಮರುದಿನ ಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಸ್ತೂರಿಬಾಯಿ ತಮ್ಮನ ಮಗನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅರವತ್ತು ದಾಟಿದವರು, ಇಳಕಲ್ ಸೀರೆ, ಬಾಟಲಿಯ ತಳದಷ್ಟು ದಪ್ಪ ಕನ್ನಡಕ. ಇಷ್ಟು ಜನರನ್ನು ನೋಡಿ ಅವರು ಬಾಗಿಲಲ್ಲೇ ನಿಂತುಬಿಟ್ಟರು. ಇವರೆಲ್ಲ ಬೇರೆ ಯಾವುದೋ ಸಭೆಗೆ ಬಂದವರೇನೋ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಎಲ್ಲ ನಿಮ್ಮ ಪುಸ್ತಕ ಓದಿದವರು ಎಂದೆ. ಅವರು ನಂಬಲಿಲ್ಲ.

ಒಬ್ಬೊಬ್ಬರೇ ಎದ್ದು ಹೇಳಿದರು. ಹಾಲವ್ವ ಊರು ಬಿಡುವಾಗ ಹಿತ್ತಲಿನ ಬೇವಿನ ಗಿಡಕ್ಕೆ ಒಂದು ಕೊಡ ನೀರು ಹಾಕಿ ಹೊರಡುವುದನ್ನು ಶೀಲಾವತಿ ಹೊಗಳಿದಳು. ಹಿಮಾಲಯ ಬಿಟ್ಟು ಬೇರೆ ಏನನ್ನಾದರೂ ಅವಳು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಐತ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಊರಲ್ಲಿ ತನ್ನ ಅಮ್ಮ ಬೀಡಿ ಕಟ್ಟಿ ಸಾಕಿದ್ದು, ಹಾಲವ್ವ ಬೆರಳಿಗೆ ಸೂಜಿ ಚುಚ್ಚಿದಾಗ ಬಾಯಲ್ಲಿಟ್ಟುಕೊಳ್ಳುವುದನ್ನು ಓದಿದ ರಾತ್ರಿ ತಾನು ಅಮ್ಮನಿಗೆ ಕಾಗದ ಬರೆದದ್ದು, ಎಲ್ಲ ಹೇಳಿದ. ಕಸ್ತೂರಿಬಾಯಿ ಮಾತಾಡುವವರ ದನಿಯ ಕಡೆಗೆ ಮುಖ ತಿರುಗಿಸಿ ಕೇಳುತ್ತಿದ್ದರು. ಯಾವ ಪುಟ, ಯಾವ ಮಾತು ಎಂದು ಕೇಳಿ ತಿಳಿದುಕೊಳ್ಳುತ್ತಿದ್ದರು. ಅವರ ಕೈ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಇತ್ತು. ಬರೆದವರೊಬ್ಬರಿಗೆ ಅವರ ಓದುಗರನ್ನು ತೋರಿಸುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ತಿಳಿದಿರಲಿಲ್ಲ.

ಭಾಗವ್ವನಿಗೆ ಜ್ವರವೆಂದು ನಾನು ಆಗಲೇ ಹೇಳಿದ್ದೆ. ಐತ ಮಾತು ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಅವಳು ಕಂಡಳು. ಒಗೆದ ಸೀರೆ, ತಲೆಯ ಮೇಲೆ ಸೆರಗು. ಹೊತ್ತಾಯಿತು, ಕಸ್ತೂರಿಬಾಯಿಯವರಿಗೆ ದಣಿವಾಗಿದೆ, ಇನ್ನು ತಿಂಡಿ ತೆಗೆದುಕೊಳ್ಳೋಣ ಎಂದು ನಾನು ಎದ್ದೆ. ಯಾರು ಕೇಳಬೇಕು? ಐತ ಅವಳಿಗೆ ದಾರಿ ಬಿಡಿಸಿ, ಕಸ್ತೂರಿಬಾಯಿಯವರ ಮುಂದೆ ನಿಲ್ಲಿಸಿದ.

“ಅಮ್ಮ, ನೀವು ಬರೆದ ಕೊನೆಯನ್ನು ಈ ಅಕ್ಕ ಹೇಳ್ತಾರೆ. ನಾನು ಮೂರು ಸಲ ಕೇಳಿದ್ದೇನೆ. ನೀವು ಒಮ್ಮೆ ಕೇಳ್ಬೇಕು.”

ಭಾಗವ್ವ ನನ್ನ ಕಡೆ ನೋಡಲಿಲ್ಲ. ಸುಮ್ಮನೆ ಎಂದಿನಂತೆ ಹೇಳಿಬಿಟ್ಟಿದ್ದರೂ ಆಗುತ್ತಿತ್ತು. ಲೇಖಕಿ ದೊಡ್ಡ ಮನಸ್ಸಿನವರು, ಇಷ್ಟು ಜನರ ಎದುರು ಬಡವಿಯೊಬ್ಬಳನ್ನು ಸುಳ್ಳಿ ಎನ್ನುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಹೇಳು, ಹೇಳಿಬಿಡು ಎಂದು ಬೇಡಿಕೊಳ್ಳುತ್ತಿದ್ದೆ. ಅವಳು ಕೈಮುಗಿದಳು.

“ಬಾಯಾರ, ಕಡೀಗೆ ಏನಾತು ನನಗ ಗೊತ್ತಿಲ್ರಿ. ಆ ಹಾಳಿ ನಾ ಓದೂದ್ರಾಗ ಸುಟ್ಟು ಹೋದ್ವು. ಇವರಿಗೆಲ್ಲಾ ನಾ ಹೇಳಿದ್ದು ನನ್ನ ತಲ್ಯಾಗಿಂದು. ಐದು ವರ್ಷ ಆತ್ರಿ. ಆಕೀಗೆ ಏನಾತು, ನೀವ ಹೇಳ್ರಿ.”

ಶೀಲಾವತಿ, ಇದೆಂಥ ಮೋಸ ಎಂದು ಗೊಣಗಿದ್ದು ಕೇಳಿಸಿತು. ಐತನ ಮುಖ ಬಿಳಿಚಿಕೊಂಡಿತ್ತು. ನಾನು ಮೇಜಿನ ಹಿಂದಿನಿಂದ ಬಂದು ಭಾಗವ್ವನ ಪಕ್ಕ ನಿಂತೆ. ಮೋಸ ಅವಳದ್ದಲ್ಲ, ಅವಳನ್ನು ಹೆದರಿಸಿ ಹೂಂ ಅನ್ನಿಸಿದವಳು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದೆ. ಅಷ್ಟು ಜನರ ಎದುರು ನಾನು ತಪ್ಪು ಒಪ್ಪಿಕೊಂಡದ್ದು ಹುಟ್ಟಿದ ಮೇಲೆ ಅದೇ ಮೊದಲು.

ಕಸ್ತೂರಿಬಾಯಿ ನಮ್ಮ ಜಗಳಕ್ಕೂ ಪಂಚಾಯಿತಿಗೂ ಕಿವಿಗೊಟ್ಟಂತೆ ಕಾಣಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೈಯಿಂದ ತಟ್ಟಿ ಭಾಗವ್ವನನ್ನು ಕೂರಿಸಿಕೊಂಡರು. ಆಮೇಲೆ, ಮಗುವಿಗೆ ಹೇಳುವಷ್ಟು ನಿಧಾನವಾಗಿ, ತಾವು ಬರೆದದ್ದನ್ನು ಹೇಳಿದರು. ಹಾಲವ್ವ ಗಂಡನನ್ನು ಒಳಗೆ ಕರೆದುಕೊಂಡಳು. ಅವನಿಗೆ ಕ್ಷಯ. ಎಂಟು ತಿಂಗಳು ಹಾಸಿಗೆಯಲ್ಲಿ ಅವನ ಸೇವೆ ಮಾಡಿದಳು. ಹೊಲಿಗೆಗೆ ಬರುತ್ತಿದ್ದವರು ಜಡ್ಡಿಗೆ ಹೆದರಿ ಬರುವುದು ಬಿಟ್ಟರು. ಅವನು ಸತ್ತ ಮೂರನೆಯ ದಿನ ಒಂದು ಮದುವೆಯ ಕುಬಸ ಹೊಲಿಯಲು ಕೂತಳು. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣಲಿಲ್ಲ. ಪಕ್ಕದ ಮನೆಯ ಹುಡುಗಿಯನ್ನು ಕರೆದಳು. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಚೆನ್ನಾಗಿತ್ತು. ಆದರೆ ನಾವೆಲ್ಲ ಐದು ವರ್ಷ ಇನ್ನೊಬ್ಬ ಹಾಲವ್ವನ ಜೊತೆ ಬಾಳಿದ್ದೆವು. ಮೆಚ್ಚಿದ್ದನ್ನು ಮಾತ್ರ ಹೇಳಬೇಕೆಂಬ ನನ್ನ ನಿಯಮ ಅವತ್ತು ಎಲ್ಲರ ಬಾಯಿಗೂ ಬೀಗ ಹಾಕಿತ್ತು.

ಭಾಗವ್ವ ಅಳುತ್ತಿದ್ದಳು. ಐದು ವರ್ಷ ಕಾದದ್ದು ಕೊನೆಗೂ ಸಿಕ್ಕಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು.

“ಒಳಗ ಕರಕೊಂಡ್ಲೇನ್ರಿ?”

“ಹೂಂನವಾ.”

“ಪಾಪ. ಬ್ಯಾಡ ಅಂತ ಹೇಳಾಕ ಆಕೀಗೆ ಒಬ್ಬರೂ ಇರಲಿಲ್ಲ ನೋಡ್ರಿ.”

ನನ್ನ ನಿಯಮ ಮುರಿದದ್ದು ಹಾಗೆ. ನಾನು ತಡೆಯಲಿಲ್ಲ. ಕಸ್ತೂರಿಬಾಯಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಕನ್ನಡಕವಿಲ್ಲದ ಮುಖ ಬಹಳ ವಯಸ್ಸಾದಂತೆ ಕಂಡಿತು. ಬರೆದವಳು ನಾನು, ನನಗೆ ಗೊತ್ತು ಎಂದು ಅವರು ಅನ್ನಬಹುದಿತ್ತು. ನಾನಾಗಿದ್ದರೆ ಅಂದೇಬಿಡುತ್ತಿದ್ದೆ.

“ಇರಲಿಲ್ಲ ತಂಗಿ,” ಎಂದರು. “ನನಗೂ ಇರಲಿಲ್ಲ. ಮನ್ಯಾಗ ಎಲ್ಲಾರೂ ಮಲಗಿದ ಮ್ಯಾಲೆ ಬರೀತಿದ್ದೆ. ಹಿಂಗ ಬರದೀನಿ, ಹ್ಯಾಂಗೈತಿ ಅಂತ ಕೇಳಾಕ ಒಂದು ನರಪಿಳ್ಳಿ ಇರಲಿಲ್ಲ.” ಭಾಗವ್ವನ ಕಡೆ ತಿರುಗಿ, “ನೀ ಹೇಳತಿದ್ದಿಯಲ್ಲಾ, ಅದನ್ನ ಹೇಳು. ನಾ ಕೇಳಬೇಕು,” ಎಂದರು.

ಭಾಗವ್ವ ಹಿಂಜರಿದಳು. ಐತ ಹತ್ತಿರ ಬಂದು ನೆಲದ ಮೇಲೆ ಕೂತ. ಶೀಲಾವತಿಯೂ ಬೆಂಚು ಎಳೆದುಕೊಂಡಳು. ಆಗ ಅವಳು ಶುರುಮಾಡಿದಳು. ಗುಂಡಿ, ದಾರ, ತಂಬಿಗೆಯ ನೀರು, ರೊಟ್ಟಿ. ಅವತ್ತು ರೊಟ್ಟಿಗೆ ಉಳ್ಳಾಗಡ್ಡಿಯೂ ಇತ್ತು, ಶೇಂಗಾ ಚಟ್ನಿಯೂ ಇತ್ತು. ನನಗೆ ಹೆದರದೆ ಅವಳು ಅದನ್ನು ಹೇಳಿದ್ದು ಅದೇ ಮೊದಲು, ಎಷ್ಟು ಚೆಂದ ಹೇಳಿದಳು ಎಂದರೆ ಕೆಳಗೆ ಅಡುಗೆಮನೆಯಲ್ಲಿ ಯಾರೋ ಐತನನ್ನು ಕೂಗುತ್ತಿದ್ದರೂ ಅವನು ಅಲುಗಲಿಲ್ಲ. ಹೆಗಲ ಹರಕನ್ನು ಹೊಲಿಯುವಲ್ಲಿಗೆ ಬಂದಾಗ ಕಸ್ತೂರಿಬಾಯಿಯವರ ಬೆರಳುಗಳು ಅವರಿಗೇ ಗೊತ್ತಿಲ್ಲದೆ ಸೂಜಿ ಹಿಡಿದಂತೆ ಕೂಡಿಕೊಂಡಿದ್ದವು. ಇನ್ನ ಹೋಗ್ರಿ ಎಂದು ಹೇಳಿ ಭಾಗವ್ವ ನಿಲ್ಲಿಸಿದಳು.

ನಮ್ಮಲ್ಲಿ ಯಾರೂ ಐದು ವರ್ಷದಲ್ಲಿ ಕೇಳದಿದ್ದ ಒಂದು ಪ್ರಶ್ನೆಯನ್ನು ಕಸ್ತೂರಿಬಾಯಿ ಕೇಳಿದರು.

“ಹೋಗೂ ಮುಂದ ಆಂವ ಹೊಳ್ಳಿ ನೋಡಿದ್ನೇನು?”

ಭಾಗವ್ವ ಕಣ್ಣು ಮುಚ್ಚಿ ಯೋಚಿಸಿದಳು. ಇಡೀ ಕೋಣೆ ಅವಳ ಬಾಯಿಯನ್ನೇ ನೋಡುತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ಆ ಪುಸ್ತಕವನ್ನು ಬರೆದವರು.

“ನೋಡಿದ್ರಿ. ಆದ್ರ ಆಕಿ ನೋಡಲಿಲ್ಲ. ಆಕಿ ಆಗಲೇ ಮುಂದಿನ ಅರಿವಿ ಕೈಯಾಗ ತಗೊಂಡಿದ್ಲು.”

ಕಸ್ತೂರಿಬಾಯಿ ತಲೆಯಾಡಿಸಿದರು. ಭಾಗವ್ವನ ಕೈಯನ್ನು ಹುಡುಕಿ ಹಿಡಿದುಕೊಂಡರು.

“ಹೌದವಾ,” ಎಂದರು. “ಆಕಿ ಹಂಗ ಇದ್ಲು. ನಾನ ಆಕೀನ್ನ ಕೇಳಲಿಲ್ಲ.”